ರಸ್ತೆಗೆ ಅಡ್ಡ ಮಲಗಿದ ಹೋರಿ

ಅಪ್ಪಾಜಿ,

ಇವತ್ತು ಪಂಚನಹಳ್ಳಿಯವರು ನನ್ನನ್ನು ನೋಡಲು ಬಂದಿದ್ದರು. ಹುಡುಗನ ತಾಯಿ ವಿಮಲಮ್ಮ, "ಅದೇನ್ ರಿಸರ್ಚ್ ಮಾಡ್ತೀಯಮ್ಮ?" ಎಂದರು. ಡಿಎನ್‌ಎ ಒಂದು ರಸ್ತೆ, ಅದನ್ನು ನಕಲು ಮಾಡುವ ಯಂತ್ರ ನೀವು ಓಡಿಸುತ್ತಿದ್ದ ಕಡೂರು ಬಸ್ಸು, ರಸ್ತೆಗೆ ಅಂಟಿಕೊಂಡ ಪ್ರೊಟೀನು ಎಮ್ಮೆದೊಡ್ಡಿ ಊರಿನ ಹತ್ತಿರ ಬಸ್ಸಿಗೆ ಅಡ್ಡ ಮಲಗಿದ ಹೋರಿ ಎಂದೆ. ಎಲ್ಲರೂ ತಲೆದೂಗಿದರು.

"ಆಮೇಲೆ ಎಬ್ಬಿಸ್ತಾರಾ?" ಎಂದರು ವಿಮಲಮ್ಮ.

"ಅಂಟ್ಕೊಂಡಿರುತ್ತಲ್ಲ, ಏಳಲ್ಲ. ಒಂದು ಎಂಜೈಮ್ ಬಂದು ಅಲ್ಲೇ ಕಡಿದು ಚೂರು ಮಾಡುತ್ತೆ. ಆಮೇಲೆ ಬಸ್ಸು ದಾಟುತ್ತೆ."

ವಿಮಲಮ್ಮ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು. "ನಮ್ಮನೇಲಿ ಮೊಟ್ಟೆನೂ ಮುಟ್ಟಲ್ಲ ಕಣ್ರೀ," ಎಂದು ಎದ್ದೇಬಿಟ್ಟರು.

ಅಮ್ಮ ಇನ್ನೂ ಬೈಯುತ್ತಿದ್ದಾಳೆ: "ನಿಮ್ಮಪ್ಪ ಇದ್ದಿದ್ರೆ ಬಸ್ಸಿಂದ ಇಳಿದು, ಮೈದಡವಿ ಎಬ್ಬಿಸ್ತಿದ್ರು ಕಣೇ!"

ಆ ಎಂಜೈಮ್ ಬಾರದೆ ಹೋದರೆ ನಿಮಗೆ ಬಂದಿದ್ದಂಥ ಕ್ಯಾನ್ಸರ್ ಆಗಬಹುದು ಎಂಬುದನ್ನು ನಾನು ಹೇಳಲೇ ಇಲ್ಲ. ನಿಮ್ಮ ಫೋಟೊ ಎದುರಿಗೇ ಇತ್ತು.