ನೀವು ಕೊಡದ ಒಪ್ಪಿಗೆ

ಪ್ರೀತಿಯ ಹಮೀದಾಕ,

ಅರಬರ ನಾಡಿನ ಈ ಕಾಲೇಜಿನಲ್ಲಿ ಎಲ್ಲರೂ ನಿಮ್ಮನ್ನು ಸರ್ ಎನ್ನುವಾಗ, ಊರಿನ ಮಾತಿನ ಆಸೆಗೆ ನಾನೊಬ್ಬಳು ಅಣ್ಣನನ್ನು ಕರೆದ ಹಾಗೆ ಹಮೀದಾಕ ಎನ್ನುತ್ತಿದ್ದೆ. ನೀವೂ ಬಿಡಲಿಲ್ಲ, ನಮ್ಮ ಕ್ರಿಶ್ಚಿಯನ್ ಹೆಂಗಸರನ್ನು ಮಂಗಳೂರಿನಲ್ಲಿ ಕರೆಯುವ ಹಾಗೆ ನನ್ನನ್ನು ಲವೀನಾ ಬಾಯಿ ಮಾಡಿಬಿಟ್ಟಿರಿ. ಅಧ್ಯಾಪಕರ ಮಂಡಳಿಯ ನನ್ನ ಮೊದಲ ಸಭೆ ನೆನಪುಂಟಾ? ನಾನು ತುಟಿ ಬಿಚ್ಚಿರಲಿಲ್ಲ. ಹೊರಗೆ ಬಂದ ಮೇಲೆ ಕೈಗೆ ಚಾ ಕೊಟ್ಟು, “ಬಾಯಿ ಹೆಸರಿನಲ್ಲಿ ಇದ್ದರೆ ಸಾಕಾಗುದಿಲ್ಲ ಮಾರಾಯ್ತಿ, ಮೀಟಿಂಗಿಗೆ ಬರುವಾಗ ತರ್ಲಿಕ್ಕೂ ಉಂಟು” ಎಂದಿರಿ. ಎಂಥ ಸಿಟ್ಟು ಬಂದಿತ್ತು ನನಗೆ. ಆಮೇಲೆ ಒಂದು ಸಭೆಯಲ್ಲೂ ನಾನು ಸುಮ್ಮನೆ ಕೂತದ್ದಿಲ್ಲ.

ಸಂಜೆ ತರಗತಿ ಶುರುವಾದ ದಿನ ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಿಂದ ಬಸ್ಸು ಬಂತು. ಸೈಟಿನಲ್ಲಿ ದುಡಿದು, ಸ್ನಾನ ಮಾಡಿ, ತಲೆ ಒರೆಸಲೂ ಪುರುಸೊತ್ತಿಲ್ಲದೆ ಬಂದವರು. ಗಂಡಸರು, ಮಕ್ಕಳ ತಂದೆಯರು, ಬೆಂಚಿನಲ್ಲಿ ಕೂರಲು ನಾಚುತ್ತಿದ್ದರು. ಸೇಫ್ಟಿ ಡಿಪ್ಲೊಮಾ ಇವರಿಗೆ ಯಾಕೆ ಎಂದು ಮ್ಯಾನೇಜ್‌ಮೆಂಟಿನವರು ಕೇಳಿದಾಗ ನೀವು, “ಹೆಲ್ಪರ್ ಆಗಿ ಬಂದವ ಹೆಲ್ಪರ್ ಆಗಿಯೇ ಊರಿಗೆ ಹೋಗ್ಬೇಕಾ?” ಎಂದಿರಿ. ಮಂಡಳಿಯ ಒಪ್ಪಿಗೆಯಿಲ್ಲದೆ ಯಾವ ಕೋರ್ಸನ್ನೂ ಮುಚ್ಚುವಂತಿಲ್ಲ ಎಂಬ ನಿಯಮಕ್ಕಾಗಿ ಜಗಳಾಡಿದ್ದೂ ನೀವೇ. ಆ ನಿಯಮ ಇದ್ದರೆ ಸಾಕು, ಇನ್ನು ಯಾರೂ ಮುಟ್ಟುವುದಿಲ್ಲ ಅಂದುಕೊಂಡಿದ್ದೆವಲ್ಲ...

ನಿಮ್ಮನ್ನು ಮಣ್ಣು ಮಾಡಿದ ದಿನ ಇಡೀ ಮಂಡಳಿ ಬಂದಿತ್ತು. ಹೆಂಗಸಾದ ಕಾರಣ ನಾನು ಖಬರಸ್ತಾನದ ಹೊರಗೆ ಕಾರಿನಲ್ಲೇ ಕೂತಿದ್ದೆ. ಮಂಡಳಿಯ ಕಾರ್ಯದರ್ಶಿ, ನಮ್ಮ ಮೈಸೂರಿನ ನಾಗರಾಜ್ ಸರ್, ಕಣ್ಣೊರೆಸಿಕೊಂಡು ಬಂದು ನನ್ನ ಪಕ್ಕ ಕೂತರು. ಅದೇ ನಾಗರಾಜ್ ಸರ್ ಈ ವರ್ಷ ಒಂದು ಮೇಲ್ ಕಳಿಸಿದರು. ಬಜೆಟ್ ಇಲ್ಲ, ಸಂಜೆ ತರಗತಿ ನಿಲ್ಲಿಸಬೇಕು, ಗುರುವಾರದೊಳಗೆ ಉತ್ತರಿಸದವರು ಒಪ್ಪಿದಂತೆ. ಮೌನಂ ಸಮ್ಮತಿ ಲಕ್ಷಣಂ, ಅಲ್ಲವೇ? ನಾನು ‘ಬೇಡ’ ಎಂದು ಬರೆದೆ. ಬೇರೆ ಯಾರೂ ಏನೂ ಬರೆಯಲಿಲ್ಲ.

ಕಳೆದ ವಾರದ ಸಭೆಯಲ್ಲಿ ನಾಗರಾಜ್ ಸರ್ ಒಪ್ಪಿದವರ ಹೆಸರು ಓದಿದರು. ನಡುವೆ ನಿಮ್ಮ ಹೆಸರು. ಮೊದಲು ನನಗೆ ಕೇಳಿಸಿದ್ದೇ ತಪ್ಪು ಅಂದುಕೊಂಡೆ.

“ಹಮೀದ್ ಸರ್ ತೀರಿಕೊಂಡಿದ್ದಾರೆ” ಎಂದೆ.

“ಗೊತ್ತು ಮೇಡಂ. ಅವರ ಮೇಲ್ ಐಡಿ ಇನ್ನೂ ತೆಗೆದಿಲ್ಲ. ಉತ್ತರ ಬರಲಿಲ್ಲ, ಹಾಗಾಗಿ...”

“ಹೇಗೆ ಬರ್ತದೆ?”

“ತಿದ್ದುಪಡಿ ಮಾಡೋಣ. ನೀವು ಸೂಚಿಸಿದ್ದೀರಿ, ಇನ್ನೊಬ್ಬರು ಸೆಕೆಂಡ್ ಮಾಡ್ಬೇಕು. ಯಾರಾದ್ರೂ?”

ನಿಮ್ಮ ಹೆಸರು ತೆಗೆಯಲು ಒಂದು ಕೈ ಎದ್ದರೆ ಸಾಕಿತ್ತು. ಎಲ್ಲರಿಗೂ ಕಾಂಟ್ರಾಕ್ಟ್ ನವೀಕರಣದ ತಿಂಗಳು, ಎಲ್ಲರ ವೀಸಾವೂ ಅದಕ್ಕೇ ಅಂಟಿಕೊಂಡಿದೆ. ನನ್ನ ಪರ ನಿಂತರೆಂದು ಮ್ಯಾನೇಜ್‌ಮೆಂಟಿನ ಕಣ್ಣಿಗೆ ಬೀಳುವುದು ಯಾರಿಗೂ ಬೇಡವಾಗಿತ್ತು. ನಿಮ್ಮ ಜನಾಜಾಕ್ಕೆ ಹೆಗಲು ಕೊಟ್ಟವರು ಫೋನು ನೋಡುತ್ತ ಕೂತರು. ನೀವು ಸತ್ತಿದ್ದೀರಿ ಎಂಬ ಮಾತಿಗೂ ಒಬ್ಬರು ಅನುಮೋದಕರು ಸಿಗಲಿಲ್ಲ, ಹಮೀದಾಕ. “ಖಲಾಸ್, ಮುಂದಿನ ವಿಷಯ” ಎಂದರು ನಾಗರಾಜ್ ಸರ್. ನಾನು ಬೈದೆ, ಕೂಗಿದೆ, ನೀವು ತರಲು ಹೇಳಿದ ಬಾಯನ್ನು ಪೂರಾ ಬಳಸಿದೆ. ಏನು ಬಂತು?

ನಿನ್ನೆ ಕೊನೆಯ ತರಗತಿ. ಕೊಪ್ಪಳದ ಯಮನೂರಪ್ಪ, ನೀವೇ ಕೈ ಹಿಡಿದು ಸೇರಿಸಿದವನು, ಪುಸ್ತಕ ಮಡಚಿ ಎದ್ದು ನಿಂತ. ಒಪ್ಪಿದವರ ಹೆಸರುಗಳನ್ನು ನೋಟಿಸ್ ಬೋರ್ಡಿಗೆ ಹಚ್ಚಿದ್ದರು.

“ಹಮೀದ್ ಸರ್ ಸುದ್ದಾ ಒಪ್ಯಾರಂತಲ್ರೀ ಮೇಡಂ? ಹೋಗೂಕಿಂತ ಮೊದ್ಲ ಸಹಿ ಮಾಡಿದ್ರೇನು?”

ಇಲ್ಲ ಎಂದೆ. ಮೇಲ್ ಕಥೆ, ಸೆಕೆಂಡ್ ಕಥೆ, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಅದು ಕಟ್ಟುಕಥೆಯ ಹಾಗೆ ಕೇಳಿಸಿತು. ಸತ್ತವರು ಒಪ್ಪಿಗೆ ಕೊಡುವುದುಂಟೇ? ಯಾರು ನಂಬುತ್ತಾರೆ?

“ಇರ್ಲಿ ಬಿಡ್ರೀ. ಅವರು ದೊಡ್ಡವರು, ಅವರ ಹೆಸರು ಯಾಕ ಕೆಡಸೂದು” ಎಂದ. ನನ್ನ ಮುಖ ನೋಡದೆ ಹೊರಗೆ ಹೋದ. ಉಳಿದವರೂ ಅವನ ಹಿಂದೆ ಹೋದರು.

ಬೇರೆ ಯಾರಿಂದಲೂ ನೀವು ಕೇಳದ ಸುದ್ದಿ ಇದು, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಹುಡುಗರು ಕೊನೆಯ ಸಲ ಬಸ್ಸು ಹತ್ತಿದ್ದು ನೀವೇ ಅವರನ್ನು ಕೈಬಿಟ್ಟಿರಿ ಎಂದು ನಂಬಿಕೊಂಡು.

ನಿಮ್ಮ,
ಲವೀನಾ ಬಾಯಿ