ಸಂಗಕ್ಕನ ಬಲಗೈ

ಡಫಳಾಪುರ,
೧೦ ಡಿಸೆಂಬರ್ ೨೦೨೪

ನನ್ನ ಪ್ರೀತಿಯ ಬೀರು ಅವರಿಗೆ (ಹೆಸರು ಹಿಡಿದಿದ್ದೇನೆ, ಅತ್ತೆಯವರಿಗೆ ಹೇಳಬೇಡಿ),

ಹೇಗಿದ್ದೀರಿ? ಕೆಮ್ಮು ಹೋಯಿತೇ? ಕುರಿ ಹೊಡೆದುಕೊಂಡು ನೀವು ಘಟ್ಟದ ಕಡೆ ಹೋದ ಮೇಲೆ ಫೋನ್ ಹತ್ತುವುದೇ ಇಲ್ಲ. ಮಾಯಪ್ಪ ಮಾವ ನಿಮಗೆ ಹಿಟ್ಟು ತರುತ್ತಿದ್ದಾರೆ, ಅವರ ಕೈಯಲ್ಲೇ ಇದನ್ನು ಕೊಡುತ್ತಿದ್ದೇನೆ. ಇಂಗ್ಲಿಷ್ ಶಾಲೆಯವಳ ಕನ್ನಡ, ನಕ್ಕು ಓದಿ. ಮದುವೆಯ ಸೀರೆಗಳನ್ನು ದಿನಾ ತೆಗೆದು ನೋಡಿ ಮತ್ತೆ ಮಡಿಸಿಡುತ್ತೇನೆ. ನೀವಿಲ್ಲದೆ ಯಾರಿಗಾಗಿ ಉಡಲಿ?

ನಿಮಗೊಂದು ಸರ್‌ಪ್ರೈಸ್ ಇಟ್ಟಿದ್ದೆ. ಜತ್ತದಲ್ಲಿ ಸಂಗಕ್ಕನಂಥವರಿಗಾಗಿ ಕೆಲಸದ ಕೇಂದ್ರ ಶುರುವಾಗಿದೆ. ಮಾತು ಬಾರದ, ಬಲಗೈಯೊಂದೇ ಆಡುವ ನಿಮ್ಮ ಅಕ್ಕನಿಗೆ ಅಲ್ಲಿ ಜಾಗ ಸಿಕ್ಕಿತು. ಯಾವ ಕೆಲಸ ಇಷ್ಟ ಎಂದು ಅಲ್ಲಿಯವರು ಕೇಳಿದರೆ ನಾನೇ ಮುಂದೆ ಬಿದ್ದು ಉಣ್ಣೆ ಹಿಂಜುವುದು ಎಂದೆ. ಅಕ್ಕನಿಗೆ ಉಣ್ಣೆ ಎಂದರೆ ಜೀವ ಅಂತ ನೀವೇ ಹೇಳಿದ್ದಿರಲ್ಲ. ಒಂದು ವಾರ ಅವರು ಉಣ್ಣೆಯ ಮುಂದೆ ಮುಷ್ಟಿ ಬಿಗಿದು ಕೂತರು. ಹೊಸ ಜಾಗ, ರೂಢಿಯಾಗುತ್ತದೆ ಎಂದು ನಾನು ಬೆರಳು ಬಿಡಿಸಿ ಬಿಡಿಸಿ ಉಣ್ಣೆ ಇಟ್ಟೆ. ತಪ್ಪು ನನ್ನದೇ.

ಅಲ್ಲಿನ ನಂದಾ ಟೀಚರ್ ಇದನ್ನು ನೋಡಿ, "ಆಕಿನ್ನ ಕೇಳೂಣಲ್ಲ" ಎಂದರು. ಎರಡೆರಡು ಕೆಲಸ ಮುಂದಿಟ್ಟು, ಕೈ ಯಾವುದಕ್ಕೆ ಹೋಗುತ್ತದೆ ಎಂದು ಕಾದರು. ಉಣ್ಣೆಯ ಪಕ್ಕದಲ್ಲಿ ಒಣದ್ರಾಕ್ಷಿ ಪೆಟ್ಟಿಗೆಗೆ ರಬ್ಬರ್ ಠಸ್ಸೆ ಒತ್ತುವ ಕೆಲಸ ಬಂದಾಗ ಸಂಗಕ್ಕ ಢಬ್ ಎಂದು ಒತ್ತಿ ಎಷ್ಟು ನಕ್ಕರು ಗೊತ್ತಾ! ಹತ್ತಿರ ಇತ್ತೆಂದು ಹಿಡಿದರೇನೋ ಎಂದು ಟೀಚರ್ ಜಾಗ ಅದಲುಬದಲು ಮಾಡಿದರು. ಕೈ ಉಣ್ಣೆಯನ್ನು ದಾಟಿ ಠಸ್ಸೆಗೇ ಹೋಯಿತು. ಇನ್ನೊಂದು ದಿನ ಇಟ್ಟಾಗಲೂ ಹಾಗೆಯೇ.

ಅತ್ತೆಯವರಿಗೆ ಹೇಳಿದರೆ, "ಕುರಿ ಕಾಯೋರ ಮಗಳಿಗೆ ಉಣ್ಣಿ ಬ್ಯಾಡಂದ್ರ ಹೆಂಗ? ಸಾಲಿ ಕಲತವರ ಆಟ ಇವು" ಎಂದು ನನ್ನನ್ನೇ ಬೈದರು. ಮರುದಿನ ತಾವೇ ಬಂದು ಬಾಗಿಲಲ್ಲಿ ನಿಂತು, ಅಕ್ಕನ ಕೈ ಠಸ್ಸೆಗೆ ಹೋಗುವುದನ್ನು ನೋಡಿದರು. ವಾಪಸ್ ಬರುವಾಗ ಬಸ್ಸಿನಲ್ಲಿ, "ಸಣ್ಣಾಕಿ ಇದ್ದಾಗಿಂದ ಕೈಯಾಗ ಉಣ್ಣಿ ಹಿಡಿಸೇನಿ. ಆಕಿನ್ನ ನಾ ಒಮ್ಮಿನೂ ಕೇಳಲಿಲ್ಲ ನೋಡವಾ" ಎಂದರು. ಆದರೂ ನಿಮ್ಮ ಮಾತಿಲ್ಲದೆ ಕೆಲಸ ಬದಲಿಸಲು ಒಪ್ಪುತ್ತಿಲ್ಲ. ಸಂಗಕ್ಕ ಇವತ್ತೂ ಉಣ್ಣೆಯ ಮುಂದೆಯೇ ಕೂತಿದ್ದರು.

ತಲೆಗೆ ಬಿಸಿಲು ಬಡಿಸಿಕೊಳ್ಳಬೇಡಿ. ಗುಡ್ಡಾಪುರದ ದಾನಮ್ಮದೇವಿ ನಿಮ್ಮನ್ನೂ ಕುರಿಗಳನ್ನೂ ನೆಟ್ಟಗೆ ಮನೆ ಮುಟ್ಟಿಸಲಿ.

ದಾರಿ ಕಾಯುವ ನಿಮ್ಮ
ಮನಿಷಾ

ತಾ.ಕ.: ಮಾವ ಚೀಲ ಹೆಗಲಿಗೆ ಹಾಕಿ ನಿಂತುಬಿಟ್ಟಿದ್ದಾರೆ. ಠಸ್ಸೆಯ ಕೆಲಸಕ್ಕೆ ಹೂಂ ಎಂದು ಅವರ ಬಳಿ ಹೇಳಿ ಕಳಿಸಿ. ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಪ್ರತಿವರ್ಷ ಬರುವಾಗ ಮರಿಗಳ ಮೆತ್ತನೆಯ ಉಣ್ಣೆ ಆರಿಸಿ ತಂದು ಅಕ್ಕನ ಕೈಗಿಡುತ್ತೀರಂತೆ. ಈ ಸಲ ತರಬೇಡಿ. ಬರಿಗೈಯಲ್ಲಿ ಬಂದು ಅವರ ಮುಂದೆ ಕುಳಿತುಕೊಳ್ಳಿ. ಏನು ಹಿಡಿಯುತ್ತಾರೋ, ಕಾದು ನೋಡೋಣ.