ಗುಲಾಬಿ ತೋಟದಲ್ಲಿ ಕಳೆದ ಲಿಂಗ

ಚಂಡೀಗಢ, ಮಂಗಳವಾರ

ಅಣ್ಣನವರಿಗೆ ತಂಗಿ ಕಸ್ತೂರಿಬಾಯಿಯ ಶರಣು.

ನಿನ್ನೆ ಶ್ರಾವಣ ಸೋಮವಾರದ ಉಪವಾಸ. ಪೂಜೆ ಮುಗಿಸಿ, ಅಳಿಯನ ಬುತ್ತಿಗೆ ರೊಟ್ಟಿ ಬಡಿದು, ಬಟ್ಟೆ ಒಣಹಾಕಿದ ಮೇಲೆ ಮಗಳು ಜ್ಯೋತಿ ಊರು ತೋರಿಸಲು ಕರೆದೊಯ್ದಳು. ಇಲ್ಲಿಯ ದೊಡ್ಡ ಕಟ್ಟಡಗಳಿಗೆ ಗಿಲಾವೇ ಇಲ್ಲ, ಬರೀ ಸಿಮೆಂಟು. ಅದನ್ನೇ ನೋಡಲು ಜನ ದೂರದಿಂದ ಬರುತ್ತಾರೆ. ಒಂದರ ಬಾಗಿಲಲ್ಲಿ ನನ್ನ ಕೊರಳಿನ ಲಿಂಗದ ಬೆಳ್ಳಿ ಕರಡಿಗೆಗೆ ತಪಾಸಣೆಯ ಯಂತ್ರ ಕೂಗಿತು. ತೆಗೆದು ತೋರಿಸಿದೆ. ಅಷ್ಟು ಗಂಡಸರ ಮುಂದೆ ಮತ್ತೆ ಹಾಕಿಕೊಳ್ಳಲು ನಾಚಿ ಸೆರಗಿನಲ್ಲಿ ಗಂಟು ಕಟ್ಟಿಕೊಂಡೆ. ಆಮೇಲೆ ಗುಲಾಬಿ ತೋಟ, ಇನ್ನೆರಡು ತೋಟ ತಿರುಗಿದೆವು. ಮನೆಗೆ ಬಂದು ನೋಡಿದರೆ ಗಂಟು ಬಿಚ್ಚಿತ್ತು, ಕರಡಿಗೆ ಇರಲಿಲ್ಲ. ತಿರುಗಿ ಹೋಗಿ ಹುಡುಕಿದೆವು. ಎಲ್ಲ ಕಡೆ ಒಂದೇ ನಮೂನೆ ಹುಲ್ಲು, ಬೆಂಚು. ಎಲ್ಲಿ ಕೂತಿದ್ದೆನೆಂದೇ ತಿಳಿಯಲಿಲ್ಲ.

“ಇರ್ಲಿ ಬಿಡಬೇ ಯವ್ವಾ, ಹೊಸಾ ಕರಡಿಗಿ ಕೊಡಸ್ತೀನಿ,” ಎಂದಳು ಜ್ಯೋತಿ.

“ಡಬ್ಬಿದ್ಯಾಕ ಚಿಂತಿ ಮಾಡ್ಲಿ, ಒಳಗ ನನ್ನ ಲಿಂಗ ಇತ್ತಲ್ಲಬೇ,” ಎಂದೆ.

ದೀಕ್ಷೆಯಲ್ಲಿ ಗುರುಗಳು ಕೊಟ್ಟದ್ದು ನಲವತ್ತು ವರ್ಷ ಮೈಮೇಲಿತ್ತು. ಅದಿಲ್ಲದೆ ಅನ್ನ ಹೇಗೆ ಮುಟ್ಟಲಿ? ಬರೀ ಹಾಲು ಕುಡಿದಿದ್ದೇನೆ. ಹಸಿದ ಹೊಟ್ಟೆಗೆ ಶುಗರಿನ ಗುಳಿಗೆ ನುಂಗುವಂತಿಲ್ಲ, ತಲೆ ತಿರುಗುತ್ತದೆ. ಫೋನು ಹಚ್ಚಿದರೆ ಮಾತಿಗಿಂತ ಮೊದಲು ಅಳು ಬರುತ್ತದೆ, ಅದಕ್ಕೇ ಬರೆದೆ. ಈ ಅಂಚೆ ಕಾರ್ಡನ್ನು ದಾರಿಯಲ್ಲಿ ಯಾರು ಓದಿದರೂ ಓದಲಿ.

ಮಠದ ಅಪ್ಪನವರಿಗೆ ನನ್ನ ತಪ್ಪು ಇದ್ದದ್ದಿದ್ದಂತೆ ಹೇಳಿ, ನಾನು ಮತ್ತೆ ಲಿಂಗ ಧರಿಸಬಹುದೋ ಇಲ್ಲವೋ ಕೇಳಬೇಕು. ಕಾರ್ಡು ಮುಟ್ಟಿದ ದಿನವೇ ನಿಮ್ಮ ಮಗ ಶಾಂತಕುಮಾರನನ್ನು ಅಂದೋಲಾದ ಮಠಕ್ಕೆ ಕಳಿಸಿ ಉತ್ತರ ತರಿಸಿ. ಅವರು ಇಲ್ಲವೆಂದರೂ ನನ್ನಿಂದ ಮುಚ್ಚಿಡಬೇಡಿ.